ಗುರಿ ಸರಿಯಿತ್ತು, ಗುಂಡು ಯಾಕೆ ತಪ್ಪಿತು? 1940ರ ಸ್ಪಿಟ್‌ಫೈರ್ ಗನ್‌ಸೈಟಿನ ಪ್ರಕರಣ

1940ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಮೇಲೆ ಹಾರುತ್ತಿದ್ದ ಬ್ರಿಟಿಷರ ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆಗಳಲ್ಲಿ ಎಂಟು ಬ್ರೌನಿಂಗ್ ಮಷಿನ್ ಗನ್‌ಗಳಿದ್ದವು. ಒಂದೊಂದಕ್ಕೂ 300 ಗುಂಡು. ಕೇಳುವುದಕ್ಕೆ ಬಹಳ ಅನಿಸುತ್ತದೆ, ಅಲ್ವಾ? ಆದರೆ ಈ ಗನ್ ನಿಮಿಷಕ್ಕೆ ಸಾವಿರಕ್ಕೂ ಜಾಸ್ತಿ ಗುಂಡು ಉಗುಳುತ್ತಿತ್ತು. ಬಟನ್ ಒತ್ತಿ ಹಿಡಿದರೆ ಸುಮಾರು 15 ಸೆಕೆಂಡಿಗೆ ಎಲ್ಲ ಖಾಲಿ. ಆಮೇಲೆ ಮೂತಿ ತಿರುಗಿಸಿ ಮನೆ ಕಡೆ ಓಡುವುದೊಂದೇ ದಾರಿ.

ಆ 15 ಸೆಕೆಂಡು ದಂಡವಾಗಬಾರದು ಅಂತ ಪೈಲಟ್‌ನ ಕಣ್ಣೆದುರಿಗೆ ಗುರಿ ಹಿಡಿಯಲು ಒಂದು ಓರೆ ಗಾಜಿನ ಸಾಧನ, ಅಂದರೆ ಗನ್‌ಸೈಟ್ ಇಟ್ಟಿದ್ದರು. ಗ್ಲಾಸ್ಗೋ ನಗರದ ಬಾರ್ ಅಂಡ್ ಸ್ಟ್ರೌಡ್ ಕಂಪನಿ ತಯಾರಿಸಿದ ಜಿಎಂ2 ಅದು. ವಾಯುಪಡೆಯ ಲೆಕ್ಕದಲ್ಲಿ ಅದರ ಹೆಸರು ರಿಫ್ಲೆಕ್ಟರ್ ಸೈಟ್ ಮಾರ್ಕ್ 2. ಆ ಕಾಲಕ್ಕೆ ಒಳ್ಳೆಯ ಸಾಧನ. ಬ್ರಿಟಿಷರ ಇನ್ನೊಂದು ಫೈಟರ್ ಹರಿಕೇನ್‌ನಲ್ಲೂ ಇದೇ ಇತ್ತು. ಎದುರಾಳಿ ಜರ್ಮನ್ನರ ಮೆಸರ್‌ಶ್ಮಿಟ್ 109ರಲ್ಲಿ ರೇವಿ ಅನ್ನುವ ಇಂಥದೇ ಸೈಟ್ ಇತ್ತು. ಇಷ್ಟಾದರೂ ಎರಡೂ ಕಡೆ ಹೆಚ್ಚಿನ ಗುಂಡು ಗಾಳಿಗೇ ಹೋಗುತ್ತಿತ್ತು.

ಯಾಕೆ ಹೀಗಾಯಿತು ಅನ್ನುವುದೇ ಈ ಪ್ರಕರಣ. ಹಾರುವ ವಿಮಾನದಿಂದ ಹಾರುವ ವಿಮಾನಕ್ಕೆ ಹೊಡೆಯುವವನ ಮುಂದೆ ಮೂರು ಪ್ರಶ್ನೆಗಳಿರುತ್ತವೆ. ನನ್ನ ಗನ್ ಈಗ ಎತ್ತ ನೋಡುತ್ತಿದೆ? ಶತ್ರು ಎಷ್ಟು ದೂರ ಇದ್ದಾನೆ? ಅವನಿಗಿಂತ ಎಷ್ಟು ಮುಂದಕ್ಕೆ ಹೊಡೆಯಬೇಕು? ಮೊದಲನೆಯದಕ್ಕೆ ಈ ಗಾಜು ಪೂರ್ತಿ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಅರ್ಧ ಉತ್ತರ. ಮೂರನೆಯದಕ್ಕೆ ಬರೀ ಸುಳಿವು. ಮಿಕ್ಕಿದ್ದೆಲ್ಲ ಪೈಲಟ್‌ನ ಅಂದಾಜಿಗೆ ಬಿಟ್ಟಿದ್ದು. ಸೈಟ್ ಕೆಟ್ಟದಾಗಿತ್ತು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಒಪ್ಪಿಸಿದ್ದ ಕೆಲಸವೇ ಚಿಕ್ಕದು.

ಗಾಜಿಗೂ ಮೊದಲು

ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಎರಡು ಲೋಹದ ತುಂಡುಗಳಿಂದ ಕೆಲಸ ನಡೆಯುತ್ತಿತ್ತು. ಒಂದು ಬಳೆ, ಒಂದು ಮಣಿ. ಬಳೆಯ ನಡುವೆ ಮಣಿ, ಮಣಿಯ ಮೇಲೆ ಶತ್ರು ಬಂದರೆ ಗುರಿ ಕೂತಿತು ಅಂತ ಲೆಕ್ಕ. ತೊಂದರೆ ಏನೆಂದರೆ ಕಣ್ಣು, ಬಳೆ, ಮಣಿ, ಶತ್ರು ನಾಲ್ಕೂ ಒಂದೇ ಗೆರೆಯಲ್ಲಿ ಬರಬೇಕು. ತಲೆ ಚೂರು ಅಲ್ಲಾಡಿದರೂ ಗೆರೆ ತಪ್ಪುತ್ತದೆ. ಅದೂ ಅಲ್ಲದೆ ಕಣ್ಣು ಹತ್ತಿರದ ಬಳೆಯನ್ನೂ ದೂರದ ವಿಮಾನವನ್ನೂ ಒಟ್ಟಿಗೆ ಸ್ಪಷ್ಟವಾಗಿ ನೋಡಲಾರದು. ಒಂದನ್ನು ದಿಟ್ಟಿಸಿದರೆ ಇನ್ನೊಂದು ಮಸುಕು.

ಬ್ರಿಟಿಷರ ಎಸ್‌ಇ5ಎ ಅಂಥ ವಿಮಾನಗಳಿಗೆ ಆಲ್ಡಿಸ್ ಅನ್ನುವ ಕೊಳವೆ ಬಂತು. ಅದರೊಳಗಿನ ಲೆನ್ಸ್‌ಗಳು ಫೋಕಸ್ ತಾಪತ್ರಯ ತಪ್ಪಿಸಿದವು. ಆದರೆ ಕಣ್ಣನ್ನು ಕೊಳವೆಯ ಹಿಂದೆ ಸರಿಯಾಗಿ ಇಡಬೇಕಿತ್ತು. ಎಂಜಿನ್ ಎಣ್ಣೆ ಸಿಡಿದು ಲೆನ್ಸ್ ಮೇಲೆ ಕೂತರೆ ಎಲ್ಲ ಮಬ್ಬು.

ತಮಾಷೆ ಏನೆಂದರೆ ಸರಿಯಾದ ಉತ್ತರ ಅಷ್ಟೊತ್ತಿಗೇ ಕಾಗದದ ಮೇಲೆ ಬಂದಾಗಿತ್ತು. ಡಬ್ಲಿನ್ ನಗರದಲ್ಲಿ ದೂರದರ್ಶಕ ತಯಾರಿಸುತ್ತಿದ್ದ ಹೊವಾರ್ಡ್ ಗ್ರಬ್ 1900ರಲ್ಲೇ ರಿಫ್ಲೆಕ್ಟರ್ ಸೈಟಿನ ತತ್ವ ಮುಂದಿಟ್ಟಿದ್ದರು. ಆಗಿನ್ನೂ ರೈಟ್ ಸಹೋದರರ ಎಂಜಿನ್ ವಿಮಾನ ಹಾರಿರಲಿಲ್ಲ. 1918ರಲ್ಲಿ ಜರ್ಮನಿಯ ಓಯಿಗೆ ಕಂಪನಿ ಇದನ್ನು ಯುದ್ಧವಿಮಾನಕ್ಕೆ ಹಾಕಿ ನೋಡಿತು. ಅಷ್ಟರಲ್ಲಿ ಯುದ್ಧ ಮುಗಿಯಿತು. ಬ್ರಿಟಿಷರು ಇದನ್ನು ತಮ್ಮ ಫೈಟರ್‌ಗಳಿಗೆ ಸಾಮಾನ್ಯ ಸಲಕರಣೆ ಮಾಡಿಕೊಳ್ಳುವ ಹೊತ್ತಿಗೆ 1930ರ ದಶಕದ ಕೊನೆ.

ಬೆಳಕಿನ ಉಂಗುರ ಎಲ್ಲಿಂದ ಬರುತ್ತದೆ

ಕಾಕ್‌ಪಿಟ್‌ನಲ್ಲಿ ಕೂತು ನೋಡೋಣ. ಮೀಟರ್‌ಗಳ ಫಲಕದ ಮೇಲೆ, ನೇರ ಮುಂದಕ್ಕೆ, ಒಂದು ಬ್ರಾಕೆಟ್ ಮೇಲೆ ಕಪ್ಪು ಬಣ್ಣದ ಗಟ್ಟಿ ಡಬ್ಬಿ. ಅದರ ತಳದಲ್ಲಿ ಬಲ್ಬು. ಬಲ್ಬಿನ ಮೇಲೆ ಒಂದು ತಡೆ ಫಲಕ, ಅದರಲ್ಲಿ ಉಂಗುರ, ಅಡ್ಡಗೆರೆ, ನಡುವೆ ಚುಕ್ಕೆ, ಇಷ್ಟರ ಆಕಾರದಲ್ಲಿ ಮಾತ್ರ ಬೆಳಕು ಹಾಯುತ್ತದೆ. ಅದಕ್ಕೂ ಮೇಲೆ ಲೆನ್ಸ್. ಎಲ್ಲಕ್ಕಿಂತ ಮೇಲೆ 45 ಡಿಗ್ರಿ ಓರೆಯಾಗಿ ನಿಂತ ಗಾಜು. ಬೆಳಕು ಕೆಳಗಿನಿಂದ ಬಂದು ಗಾಜಿಗೆ ಬಡಿದು ಪೈಲಟ್‌ನ ಕಣ್ಣಿಗೆ ತಿರುಗುತ್ತದೆ. ಅದೇ ಗಾಜಿನ ಮೂಲಕ ಹೊರಗಿನ ಆಕಾಶವೂ ಕಾಣುತ್ತದೆ. ಆಕಾಶದ ಮೇಲೆ ಬೆಳಕಿನ ಉಂಗುರ ತೇಲಿದ ಹಾಗೆ.

ಇದರ ಜಾಣತನವೆಲ್ಲ ಲೆನ್ಸ್ ಇಟ್ಟ ಜಾಗದಲ್ಲಿದೆ. ಉಂಗುರ ಕೊರೆದ ಫಲಕ ಲೆನ್ಸಿನ ಫೋಕಸ್ ಬಿಂದುವಿನಲ್ಲೇ ಇದೆ. ಫೋಕಸ್‌ನಿಂದ ಹೊರಟ ಬೆಳಕು ಲೆನ್ಸ್ ದಾಟಿದ ಮೇಲೆ ಸಮಾಂತರ ಕಿರಣಗಳಾಗುತ್ತದೆ. ಸಮಾಂತರ ಕಿರಣ ಬಂದರೆ ಕಣ್ಣಿಗೆ ಅದು ತುಂಬಾ ದೂರದಿಂದ ಬಂದ ಹಾಗೆ. ರಾತ್ರಿ ಬಸ್ಸಿನಲ್ಲಿ ಹೋಗುವಾಗ ಚಂದ್ರ ನಮ್ಮ ಜೊತೆಗೇ ಬರುತ್ತಾನಲ್ಲ, ಈ ಉಂಗುರವೂ ಹಾಗೆಯೇ. ತಲೆ ಎಡಕ್ಕೆ ಸರಿದರೆ ಉಂಗುರ ಗಾಜಿನ ಮೇಲೆ ಎಡಕ್ಕೆ ಜರುಗುತ್ತದೆ, ಆದರೆ ಹೊರಗೆ ಅದು ತೋರಿಸುವ ದಿಕ್ಕು ಬದಲಾಗುವುದಿಲ್ಲ. ಉಂಗುರ ಕಣ್ಣಿಗೆ ಬೀಳುತ್ತಿರುವ ತನಕ ಗುರಿ ಸರಿ. ಕಣ್ಣು ಫೋಕಸ್ ಬದಲಿಸಬೇಕಾಗಿಲ್ಲ. ಶತ್ರುವೂ ಉಂಗುರವೂ ಒಂದೇ ದೂರದಲ್ಲಿದ್ದಂತೆ ಒಟ್ಟಿಗೆ ಸ್ಪಷ್ಟ.

ನನಗೆ ಇಷ್ಟವಾದ ಒಂದು ಸಣ್ಣ ಸಂಗತಿ ಇದೆ. ಗಾಜಿಗೆ ಮುಂದೆ ಒಂದು ಮೈ, ಹಿಂದೆ ಒಂದು ಮೈ. ಬೆಳಕು ಎರಡರಿಂದಲೂ ಪ್ರತಿಫಲಿಸುತ್ತದೆ. ಹಾಗಾದರೆ ಉಂಗುರ ಎರಡಾಗಿ ಕಾಣಬೇಕಲ್ಲ? ಕಾಣುವುದಿಲ್ಲ. ಕಿರಣಗಳು ಸಮಾಂತರ, ಗಾಜಿನ ಎರಡು ಮೈಗಳೂ ಸಮಾಂತರ, ಹಾಗಾಗಿ ಎರಡು ಪ್ರತಿಬಿಂಬಗಳೂ ಒಂದೇ ದಿಕ್ಕಿನಲ್ಲಿ ಬಂದು ಒಂದರ ಮೇಲೊಂದು ಕೂರುತ್ತವೆ. ಗಾಜು ಚೂರು ದಪ್ಪ ತೆಳುವಾದರೆ ಮಾತ್ರ ಉಂಗುರ ಜೋಡಿಯಾಗುತ್ತದೆ. ಅಂದರೆ ಸುಮ್ನೆ ಕಿಟಕಿ ಗಾಜು ಕತ್ತರಿಸಿ ಹಾಕಿದರೆ ಆಗದು.

ಇದೇ ತತ್ವ ಇಂದಿಗೂ ಬದುಕಿದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜೋಡಣೆಯಾಗುವ ತೇಜಸ್ ವಿಮಾನದ ಪೈಲಟ್ ಎದುರಿಗಿರುವ ಹೆಡ್-ಅಪ್ ಡಿಸ್‌ಪ್ಲೇ ಕೂಡ ಸಮಾಂತರ ಕಿರಣ ಮತ್ತು ಓರೆ ಗಾಜಿನ ಆಟವೇ. ಬಲ್ಬು, ಫಲಕ ಇದ್ದ ಜಾಗಕ್ಕೆ ಕಂಪ್ಯೂಟರ್ ಬರೆಯುವ ಚಿತ್ರ ಬಂದಿದೆ ಅಷ್ಟೆ.

ಸ್ಪಿಟ್‌ಫೈರಿನ ಪೈಲಟ್ ಕೈಪಿಡಿ ಓದಿದರೆ ಈ ಸಾಧನದ ದಿನನಿತ್ಯದ ಬದುಕು ಗೊತ್ತಾಗುತ್ತದೆ. ಬೆಳಕಿನ ಸ್ವಿಚ್ಚಿಗೆ ಮೂರು ಸ್ಥಾನ: ಆಫ್, ರಾತ್ರಿ, ಹಗಲು. ಹಗಲಿಗೆ ಪೂರ್ತಿ ಬೆಳಕು. ರಾತ್ರಿಗೆ ಕಡಿಮೆ ವ್ಯಾಟಿನ ಬೆಳಕು, ಅದನ್ನೂ ಗುಂಡಿ ತಿರುಗಿಸಿ ಇನ್ನಷ್ಟು ಮಂದ ಮಾಡಬಹುದು. ಇಲ್ಲದಿದ್ದರೆ ಕತ್ತಲಲ್ಲಿ ಉಂಗುರದ ಬೆಳಕೇ ಕಣ್ಣು ಕುಕ್ಕಿ ಶತ್ರು ಕಾಣದೆ ಹೋಗುತ್ತಾನೆ. ಹಗಲಿನಲ್ಲಿ ಬೆಳ್ಳನೆ ಮೋಡದ ಹಿನ್ನೆಲೆ ಬಂದರೆ ಉಂಗುರವೇ ಮಾಯ. ಅದಕ್ಕೆ ಮೀಟರ್ ಫಲಕದ ಮೇಲ್ಭಾಗದಲ್ಲಿ ಒಂದು ಎಳೆಯುವ ಬಳೆ. ಎಳೆದರೆ ಬಣ್ಣದ ಪರದೆ ಅಡ್ಡ ಬರುತ್ತದೆ. ಕಾಕ್‌ಪಿಟ್‌ನ ಬಲಗಡೆ ಮೂರು ಬಲ್ಬುಗಳು ಹೋಲ್ಡರ್‌ನಲ್ಲಿ ಸಿಕ್ಕಿಸಿಟ್ಟಿರುತ್ತಿದ್ದವು. ಬಲ್ಬು ಸುಟ್ಟರೆ ಎಂಟು ಗನ್ ಇದ್ದೂ ಕುರುಡು. ಪೈಲಟ್ ಮುಂದಕ್ಕೆ ಮುಗ್ಗರಿಸಿದರೆ ಮುಖ ಒಡೆಯದಿರಲಿ ಅಂತ ಡಬ್ಬಿಯ ಈಚೆ ಬದಿಗೆ ದಪ್ಪ ರಬ್ಬರ್ ಮೆತ್ತೆ ಬೇರೆ.

ದೂರದ ಲೆಕ್ಕ

ಈಗ ಎರಡನೇ ಪ್ರಶ್ನೆ. ಉಂಗುರದ ನಡುವಿನ ಅಡ್ಡಗೆರೆ ಪೂರ್ತಿ ಗೆರೆಯಾಗಿರಲಿಲ್ಲ. ಮಧ್ಯದಲ್ಲಿ ತೆರಪು ಇತ್ತು. ಸೈಟಿನ ಮೇಲೆ ಬೆರಳಲ್ಲಿ ತಿರುಗಿಸುವ ಎರಡು ಬಳೆಗಳು. ಒಂದರಲ್ಲಿ ಶತ್ರು ವಿಮಾನದ ರೆಕ್ಕೆಯ ಅಗಲ ಅಡಿಗಳಲ್ಲಿ, ಇನ್ನೊಂದರಲ್ಲಿ ಹೊಡೆಯಬೇಕಾದ ದೂರ ಗಜಗಳಲ್ಲಿ. ತಿರುಗಿಸಿದಂತೆ ತೆರಪು ಹಿಗ್ಗುತ್ತದೆ, ಕುಗ್ಗುತ್ತದೆ. ಶತ್ರುವಿನ ರೆಕ್ಕೆ ಆ ತೆರಪನ್ನು ಈ ತುದಿಯಿಂದ ಆ ತುದಿಗೆ ತುಂಬಿದ ಕ್ಷಣ ಬಟನ್ ಒತ್ತು ಅನ್ನುವುದು ಸೂಚನೆ.

ಇದರ ಹಿಂದೆ ಒಂದು ನಂಬಿಕೆ ಇತ್ತು. 1930ರ ದಶಕದಲ್ಲಿ ಬ್ರಿಟಿಷರು ಊಹಿಸಿದ್ದು ಜರ್ಮನಿಯಿಂದ ಬರುವ ಬಾಂಬರ್‌ಗಳನ್ನು. ಅಷ್ಟು ದೂರಕ್ಕೆ ಕಾವಲಿನ ಫೈಟರ್‌ಗಳು ಜೊತೆ ಬರಲಾರವು. ಬಾಂಬರ್ ನೆಟ್ಟಗೆ ಹಾರುತ್ತದೆ, ನಾವು ಸಾಲಾಗಿ ಹಿಂದಿನಿಂದ ಹೋಗಿ ಹೊಡೆಯುತ್ತೇವೆ. ಅಂಥ ಯುದ್ಧಕ್ಕೆ ಈ ತೆರಪು ಹೇಳಿ ಮಾಡಿಸಿದ್ದು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಜರ್ಮನ್ ಫೈಟರ್‌ಗಳು ಇಂಗ್ಲಿಷ್ ಕಾಲುವೆಯ ಆಚೆ ದಡಕ್ಕೇ ಬಂದು ಬೀಡುಬಿಟ್ಟವು. ನಂಬಿಕೆ ಅಲ್ಲಿಗೆ ಮುಗಿಯಿತು.

ಲೆಕ್ಕ ಹಾಕಿ ನೋಡಿ. ಹೈಂಕೆಲ್ 111 ಬಾಂಬರ್‌ನ ರೆಕ್ಕೆ ಸುಮಾರು 74 ಅಡಿ. ಮೆಸರ್‌ಶ್ಮಿಟ್ 109 ಫೈಟರ್‌ನದು ಸುಮಾರು 32 ಅಡಿ. ಪೈಲಟ್ 109ಕ್ಕೆ ಅಂತ 250 ಗಜಕ್ಕೆ ಸೈಟ್ ಹೊಂದಿಸಿಕೊಂಡಿದ್ದಾನೆ. ಎದುರಿಗೆ ಹೈಂಕೆಲ್ ಸಿಕ್ಕಿತು. ತೆರಪು ತುಂಬಿತು ಅಂತ ಬಟನ್ ಒತ್ತಿದ. ಆಗ ಹೈಂಕೆಲ್ ಇನ್ನೂ 570 ಗಜದಾಚೆ ಇರುತ್ತದೆ. ಗುಂಡುಗಳೆಲ್ಲ ಚೆಲ್ಲಾಪಿಲ್ಲಿ. ಒಂದು ಕೈ ಎಂಜಿನ್ ವೇಗದ ಥ್ರಾಟಲ್ ಮೇಲೆ, ಇನ್ನೊಂದು ವಿಮಾನ ತಿರುಗಿಸುವ ಸ್ಟಿಕ್ ಮೇಲೆ, ಕಣ್ಣು ಹಿಂದಿನ ಕನ್ನಡಿ ಮೇಲೆ. ಇದರ ನಡುವೆ ಬಳೆ ತಿರುಗಿಸುತ್ತಾ ಕೂರಲು ಪುರುಸೊತ್ತು ಎಲ್ಲಿ? ಇನ್ನೊಂದು ತಕರಾರು: ಶತ್ರು ವಾಲಿ ತಿರುಗುತ್ತಿದ್ದರೆ ರೆಕ್ಕೆ ಓರೆಯಾಗಿರುತ್ತದೆ. ಪಕ್ಕದಿಂದ ನೋಡಿದರಂತೂ ರೆಕ್ಕೆಯ ಅಗಲವೇ ಕಾಣದು. ಅಡ್ಡಗೆರೆಯ ತೆರಪು ಆಗ ಕೆಲಸಕ್ಕೆ ಬಾರದು.

ಇದಕ್ಕೆ ಗನ್‌ಗಳ ಹೊಂದಿಕೆಯೂ ಸೇರಿಕೊಂಡಿತ್ತು. ಗನ್‌ಗಳು ರೆಕ್ಕೆಗಳಲ್ಲಿ ಅಗಲವಾಗಿ ಹರಡಿದ್ದವು, ಗುಂಡುಗಳು ಮುಂದೆಲ್ಲೋ ಕೂಡಬೇಕು. ಯುದ್ಧದ ಆರಂಭದಲ್ಲಿ ಅಧಿಕೃತ ಹೊಂದಿಕೆ 400 ಗಜಕ್ಕೆ, ಅದೂ ಅಗಲ ಜಾಗಕ್ಕೆ ಚೆದುರಿಸಿ. ಫೈಟರ್ ಕಮಾಂಡ್ ಮುಖ್ಯಸ್ಥರ ಹೆಸರಲ್ಲಿ ಅದನ್ನು ಡೌಡಿಂಗ್ ಹರವು ಅನ್ನುತ್ತಿದ್ದರು. ಗುರಿ ಸ್ವಲ್ಪ ಆಚೀಚೆ ಆದರೂ ಒಂದೆರಡು ಗುಂಡು ತಗಲಲಿ ಅನ್ನುವ ಯೋಚನೆ. ಆದರೆ ಈ ಗನ್‌ಗಳದು .303 ಅನ್ನುವ ರೈಫಲ್ಲಿನ ಗಾತ್ರದ ಗುಂಡು. ಒಂದೆರಡು ತಗಲಿದರೆ ಬಾಂಬರ್ ಬೀಳುವುದಿಲ್ಲ. ಅನುಭವಿ ಪೈಲಟ್‌ಗಳು ತಮ್ಮ ಗನ್‌ಗಳನ್ನು 250 ಗಜದಲ್ಲಿ ಒಂದೇ ಬಿಂದುವಿಗೆ ಕೂಡುವಂತೆ ಮಾಡಿಸಿಕೊಂಡರು. ದಕ್ಷಿಣ ಆಫ್ರಿಕಾದಿಂದ ಬಂದು 74ನೇ ಸ್ಕ್ವಾಡ್ರನ್ ನಡೆಸಿದ ಅಡಾಲ್ಫ್ ಮಲಾನ್ ಇದನ್ನು ಜೋರಾಗಿ ಹೇಳಿದವರಲ್ಲಿ ಒಬ್ಬರು. ಒಂದೆರಡು ಸೆಕೆಂಡಿನಷ್ಟೇ ಹೊಡಿ, ಸೈಟ್ ಖಂಡಿತವಾಗಿ ಕೂತಾಗ ಮಾತ್ರ ಹೊಡಿ ಅಂತ ಅವರು ಪೈಲಟ್‌ಗಳಿಗೆ ಬರೆದುಕೊಟ್ಟ ನಿಯಮ. 15 ಸೆಕೆಂಡಿನ ಗುಂಡಿನಲ್ಲಿ ಅಂಥ ಹೊಡೆತ ಏಳರಿಂದ ಹದಿನೈದು ಬಾರಿ ಮಾತ್ರ.

ನನ್ನ ಲೆಕ್ಕದಲ್ಲಿ ಆ ಬೇಸಿಗೆಯ ದೊಡ್ಡ ಸುಧಾರಣೆ ಸೈಟಿನಲ್ಲಿ ಆಗಲಿಲ್ಲ. ಹತ್ತಿರ ಹೋಗಿ ಹೊಡೆಯಬೇಕು ಅನ್ನುವ ತಿಳಿವಳಿಕೆಯಲ್ಲಿ ಆಯಿತು.

ಮುಂದೆ ಎಷ್ಟು ಬಿಡಬೇಕು

ಮೂರನೇ ಪ್ರಶ್ನೆಯೇ ನಿಜವಾದ ಕಗ್ಗಂಟು. ಅಡ್ಡ ಹಾರುತ್ತಿರುವ ವಿಮಾನಕ್ಕೆ ನೇರ ಗುರಿಯಿಟ್ಟರೆ ಗುಂಡು ಅಲ್ಲಿಗೆ ತಲುಪುವ ಹೊತ್ತಿಗೆ ಅದು ಮುಂದಕ್ಕೆ ಹೋಗಿರುತ್ತದೆ. ಅದು ಹೋಗಿ ಸೇರುವ ಜಾಗಕ್ಕೆ ಹೊಡೆಯಬೇಕು. ಇದಕ್ಕೆ ಪೈಲಟ್‌ಗಳು ಹೇಳುವುದು ಡಿಫ್ಲೆಕ್ಷನ್ ಅಂತ.

ಒಂದು ಉದಾಹರಣೆ. ಗಂಟೆಗೆ 300 ಮೈಲಿ ವೇಗದಲ್ಲಿ ಒಂದು 109 ನಮ್ಮ ಮುಂದೆ ಸರಿಯಾಗಿ ಅಡ್ಡ ಹಾಯುತ್ತಿದೆ, ದೂರ 250 ಗಜ. ಗುಂಡು ಅಲ್ಲಿಗೆ ಹೋಗಲು ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಚೂರು ಕಡಿಮೆ ಸಾಕು. ಅಷ್ಟರಲ್ಲಿ ಶತ್ರು ಸುಮಾರು 40 ಮೀಟರ್ ಹೋಗಿರುತ್ತಾನೆ. 109ರ ಉದ್ದ 9 ಮೀಟರ್ ಕೂಡ ಇಲ್ಲ. ಅಂದರೆ ಅದರ ಮೂತಿಯಿಂದ ನಾಲ್ಕೈದು ವಿಮಾನದಷ್ಟು ಮುಂದೆ, ಖಾಲಿ ಆಕಾಶಕ್ಕೆ ಗುಂಡು ಹಾರಿಸಬೇಕು. ಮನಸ್ಸು ಇದನ್ನು ಒಪ್ಪುವುದಿಲ್ಲ. ಕೈ ತಾನಾಗಿ ವಿಮಾನದ ಕಡೆಗೇ ಎಳೆಯುತ್ತದೆ.

ಸೈಟ್ ಕೊಟ್ಟ ಸುಳಿವು ಆ ಬೆಳಕಿನ ಉಂಗುರ. ಚುಕ್ಕೆಯಿಂದ ಉಂಗುರದ ಅಂಚಿನವರೆಗಿನ ಅಳತೆ ಗಂಟೆಗೆ 100 ಮೈಲಿ ವೇಗದಲ್ಲಿ ಅಡ್ಡ ಹಾಯುವ ಗುರಿಗೆ ಬೇಕಾದಷ್ಟು. 300 ಮೈಲಿಯವನಿಗೆ ಅದರ ಮೂರರಷ್ಟು. ಪೂರ್ತಿ ಅಡ್ಡ ಬರದೆ 45 ಡಿಗ್ರಿ ಕೋನದಲ್ಲಿ ಹಾಯುತ್ತಿದ್ದರೆ ಎರಡರಷ್ಟು. ಇನ್ನೂ ಕಿರಿದಾದ ಕೋನಕ್ಕೆ ಇನ್ನೂ ಕಡಿಮೆ. ಶತ್ರು ಯಾವಾಗಲೂ ನಡುವಿನ ಚುಕ್ಕೆಯ ಕಡೆಗೇ ಹಾರುತ್ತಿರುವಂತೆ ಕಾಣಬೇಕು. ಕಾಗದದ ಮೇಲೆ ಸರಳ. ಆದರೆ ಇದಕ್ಕೆ ಶತ್ರುವಿನ ವೇಗ ಗೊತ್ತಿರಬೇಕು, ಕೋನ ಗೊತ್ತಿರಬೇಕು, ದೂರವೂ ಗೊತ್ತಿರಬೇಕು. ಮೂರನ್ನೂ ಎರಡು ಸೆಕೆಂಡಿನಲ್ಲಿ ಕಣ್ಣಳತೆಯಲ್ಲಿ ಹೇಳಬೇಕು. ಇದರ ಮೇಲೆ ನಮ್ಮ ವಿಮಾನ ಚೂರು ಪಕ್ಕಕ್ಕೆ ಜಾರುತ್ತಿದ್ದರೂ ಗುಂಡು ಬೇರೆ ದಾರಿ ಹಿಡಿಯುತ್ತದೆ, ಉಂಗುರಕ್ಕೆ ಅದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಅಡ್ಡಿಯನ್ನು ಯಾವ ಗಾಜೂ ಬಗೆಹರಿಸಲಾರದು. ಸ್ಪಿಟ್‌ಫೈರ್‌ನ ಮೂತಿ ಉದ್ದ. ಬಿಗಿಯಾದ ತಿರುವಿನಲ್ಲಿ ಶತ್ರುವಿನ ಮುಂದಕ್ಕೆ ಗುರಿ ಎಳೆದರೆ ಶತ್ರು ಮೂತಿಯ ಕೆಳಗೆ ಮರೆಯಾಗುತ್ತಾನೆ. ಕಾಣದವನಿಗೆ ಅಂದಾಜಿನಲ್ಲಿ ಹೊಡೆಯಬೇಕು.

ಆಮೇಲಿನ ವರ್ಷಗಳಲ್ಲಿ ರೆಕ್ಕೆಯಲ್ಲಿ ಕೂರಿಸಿದ ಸಿನಿಮಾ ಕ್ಯಾಮೆರಾಗಳ ಫಿಲಂ ನೋಡಿದಾಗ ಕಥೆ ಬಯಲಾಯಿತು. ಪೈಲಟ್‌ಗಳು ಹತ್ತಿರ ಅಂದುಕೊಂಡಿದ್ದು ಎಷ್ಟೋ ಸಲ ತುಂಬಾ ದೂರ. ಮುಂದೆ ಬಿಟ್ಟಿದ್ದು ಬೇಕಾದ್ದಕ್ಕಿಂತ ಕಡಿಮೆ. ಇದರಲ್ಲಿ ಹುಡುಗರ ತಪ್ಪೇನೂ ಇಲ್ಲ ಅನ್ನಿಸುತ್ತದೆ. ಗುಂಡು ಹಾರಿಸುವ ತರಬೇತಿಯೇ ಬಹಳ ಕಡಿಮೆ ಸಿಕ್ಕಿತ್ತು.

ಅಪವಾದಗಳೂ ಇದ್ದವು. ಕೆನಡಾದ ಜಾರ್ಜ್ ಬರ್ಲಿಂಗ್ 1942ರಲ್ಲಿ ಮಾಲ್ಟಾ ದ್ವೀಪದ ಮೇಲೆ ಕೆಲವೇ ತಿಂಗಳಲ್ಲಿ 25ಕ್ಕೂ ಹೆಚ್ಚು ವಿಮಾನ ಉರುಳಿಸಿದರು. ಡಿಫ್ಲೆಕ್ಷನ್ ಲೆಕ್ಕ ಅವರಿಗೆ ಹುಚ್ಚು. ಗೋಡೆಯ ಮೇಲಿನ ಹಲ್ಲಿಗಳಿಗೆ ಪಿಸ್ತೂಲಿನಿಂದ ಹೊಡೆದು ಅಭ್ಯಾಸ ಮಾಡುತ್ತಿದ್ದರು ಅನ್ನುವ ಕಥೆಯೂ ಇದೆ. ಆಫ್ರಿಕಾದ ಮರುಭೂಮಿಯಲ್ಲಿ ಜರ್ಮನ್ ಪೈಲಟ್ ಹಾನ್ಸ್ ಯೋಆಖಿಮ್ ಮಾರ್ಸೈ ತಿರುವಿನಲ್ಲೇ ಹೊಡೆಯುವುದಕ್ಕೆ ಹೆಸರಾಗಿದ್ದ. ಇಬ್ಬರ ಮುಂದೆಯೂ ಇದ್ದದ್ದು ಎಲ್ಲರಿಗೂ ಕೊಟ್ಟಂಥ ಸೈಟೇ. ಆದರೆ ಇಂಥವರನ್ನು ನೆಚ್ಚಿಕೊಂಡು ವಾಯುಪಡೆ ನಡೆಸಲು ಆಗುವುದಿಲ್ಲ. ಸಾಧಾರಣ ಪೈಲಟ್‌ನ ಗುಂಡು ತಗಲಬೇಕು.

ಗೈರೊ ಬಂದ ಮೇಲೆ

ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆ ಉತ್ತರ ಹುಡುಕುತ್ತಿದ್ದರು. ಅವರಿಗೆ ಸಿಕ್ಕ ಎಳೆ ಇದು. ಪೈಲಟ್ ಶತ್ರುವನ್ನು ಬೆನ್ನಟ್ಟಿ ಗುರಿಯಲ್ಲೇ ಇಟ್ಟುಕೊಂಡಿದ್ದರೆ ಅವನ ವಿಮಾನ ಎಷ್ಟು ಬೇಗ ತಿರುಗುತ್ತಿದೆಯೋ ಅದರಲ್ಲೇ ಶತ್ರು ಎಷ್ಟು ಬೇಗ ಅಡ್ಡ ಹಾಯುತ್ತಿದ್ದಾನೆ ಅನ್ನುವುದು ಅಡಗಿದೆ. ತಿರುಗುವ ವೇಗವನ್ನು ಗುಂಡು ತಲುಪುವ ಸಮಯದಿಂದ ಗುಣಿಸಿದರೆ ಮುಂದೆ ಬಿಡಬೇಕಾದ ಕೋನ ಹೆಚ್ಚುಕಡಿಮೆ ಸಿಗುತ್ತದೆ. ವೇಗ, ಕೋನ ಎರಡನ್ನೂ ಬೇರೆ ಬೇರೆ ಊಹಿಸಬೇಕಾಗಿಲ್ಲ.

ತಿರುಗುವ ವೇಗ ಅಳೆಯಲು ಗೈರೊಸ್ಕೋಪ್. ಜೋರಾಗಿ ಸುತ್ತುವ ಚಕ್ರ ತನ್ನ ದಿಕ್ಕು ಬಿಟ್ಟುಕೊಡಲು ಹಟ ಮಾಡುತ್ತದೆ, ವಿಮಾನ ತಿರುಗಿದರೆ ಅದು ಹಿಂದುಳಿಯುತ್ತದೆ. ಆ ಗೈರೊಗೆ ಒಂದು ಕನ್ನಡಿ ಜೋಡಿಸಿ, ಅದರ ಮೂಲಕ ಚುಕ್ಕೆಯ ಬೆಳಕನ್ನು ಓರೆ ಗಾಜಿಗೆ ಕಳಿಸಿದರು. ವಿಮಾನ ಎಡಕ್ಕೆ ತಿರುಗಿದರೆ ಚುಕ್ಕೆ ಬಲಕ್ಕೆ ಹಿಂದುಳಿಯುತ್ತದೆ. ಹಿಂದುಳಿದ ಚುಕ್ಕೆಯನ್ನು ಶತ್ರುವಿನ ಮೇಲೆ ತರಬೇಕಾದರೆ ಪೈಲಟ್ ಮೂತಿಯನ್ನು ಇನ್ನಷ್ಟು ಎಡಕ್ಕೆ ಎಳೆಯಲೇಬೇಕು. ಎಳೆದದ್ದೇ ತಡ, ಗನ್‌ಗಳು ಸರಿಯಾದಷ್ಟು ಮುಂದಕ್ಕೆ ನೋಡುತ್ತಿರುತ್ತವೆ. ಪೈಲಟ್‌ಗೆ ಖಾಲಿ ಆಕಾಶಕ್ಕೆ ಹೊಡೆಯುತ್ತಿದ್ದೇನೆ ಅನ್ನಿಸುವುದೇ ಇಲ್ಲ. ಈ ಯುದ್ಧದ ಉಪಕರಣಗಳಲ್ಲಿ ಇಷ್ಟು ಅಂದವಾದ ಯೋಚನೆ ನನಗೆ ಇನ್ನೊಂದು ಕಂಡಿಲ್ಲ. ಚುಕ್ಕೆ ಎಷ್ಟು ಹಿಂದುಳಿಯಬೇಕು ಅನ್ನುವುದನ್ನು ದೂರಕ್ಕೆ ತಕ್ಕಂತೆ ವಿದ್ಯುತ್ ಅಯಸ್ಕಾಂತಗಳು ಹಿಡಿತದಲ್ಲಿಡುತ್ತಿದ್ದವು.

1941ರಲ್ಲಿ ಬಂದ ಮೊದಲ ಮಾದರಿಯಲ್ಲಿ ಕಣ್ಣನ್ನು ಕಿರಿದಾದ ಕಿಂಡಿಗೆ ಹೊಂದಿಸಿ ನೋಡಬೇಕಿತ್ತು. ಆಲ್ಡಿಸ್ ಕೊಳವೆಯ ಹಳೇ ಪಾಡೇ ಮತ್ತೆ. ಮಾರ್ಕ್ 2 ಗೈರೊ ಸೈಟಿನಲ್ಲಿ ಅದನ್ನು ಬಿಟ್ಟು ಓರೆ ಗಾಜಿಗೇ ಮರಳಿದರು. ಫೆರಾಂಟಿ ಕಂಪನಿ ಎಡಿನ್‌ಬರೋದಲ್ಲಿ ಇದಕ್ಕೆಂದೇ 1943ರಲ್ಲಿ ಕಾರ್ಖಾನೆ ಹಾಕಿತು. 1944ರಲ್ಲಿ ಅದು ಸ್ಪಿಟ್‌ಫೈರ್‌ಗಳಿಗೆ ಬಂತು. ಅಮೆರಿಕನ್ನರು ಅದನ್ನೇ ಕೆ-14 ಅಂತ ತಯಾರಿಸಿ ಮಸ್ಟಾಂಗ್‌ಗಳಿಗೆ ಹಾಕಿದರು.

ದೂರದ ಲೆಕ್ಕವೂ ಇದರಲ್ಲಿ ಸುಧಾರಿಸಿತು. ಚುಕ್ಕೆಯ ಸುತ್ತ ಆರು ಸಣ್ಣ ವಜ್ರಾಕಾರದ ಗುರುತುಗಳ ವರ್ತುಲ. ಪೈಲಟ್ ಥ್ರಾಟಲ್‌ನ ಹಿಡಿ ತಿರುಚಿದರೆ ವರ್ತುಲ ಹಿಗ್ಗುತ್ತದೆ, ಕುಗ್ಗುತ್ತದೆ. ಶತ್ರುವಿನ ರೆಕ್ಕೆಯ ತುದಿಗಳಿಗೆ ವಜ್ರಗಳು ತಾಗುವಂತೆ ಹಿಡಿದುಕೊಂಡರೆ ದೂರ ತಾನಾಗಿ ಸೈಟಿಗೆ ಹೋಗುತ್ತದೆ. ಕೈ ಥ್ರಾಟಲ್ ಬಿಡಬೇಕಾಗಿಲ್ಲ. ಇದಕ್ಕೆ ಒಂದು ಷರತ್ತು: ಹೊಡೆಯುವ ಮೊದಲು ಸುಮಾರು ಒಂದು ಸೆಕೆಂಡು ಶತ್ರುವನ್ನು ನಯವಾಗಿ ಹಿಂಬಾಲಿಸಬೇಕು. ಸ್ಟಿಕ್ಕನ್ನು ಎಳೆದಾಡಿದರೆ ಚುಕ್ಕೆಯೂ ಹುಚ್ಚೆದ್ದು ಓಡಾಡುತ್ತದೆ. ಹಳೇ ಪೈಲಟ್‌ಗಳಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಅವರಿಗೆ ಅಂತಲೇ ಅನ್ನುವ ಹಾಗೆ ಹಳೆಯ ಅಲ್ಲಾಡದ ಉಂಗುರವೂ ಅದೇ ಗಾಜಿನಲ್ಲಿ ಪಕ್ಕದಲ್ಲೇ ಇತ್ತು. ಆದರೆ ಹೊಸ ಸೈಟ್ ಇದ್ದ ಸ್ಕ್ವಾಡ್ರನ್‌ಗಳ ಹೊಡೆತ ಹಳೆಯದಕ್ಕಿಂತ ಸುಮಾರು ಎರಡು ಪಟ್ಟು ಫಲ ಕೊಟ್ಟಿತು. ಹೆಚ್ಚು ಲಾಭವಾದದ್ದು ಸಾಧಾರಣ ಪೈಲಟ್‌ಗಳಿಗೆ. ಜರ್ಮನ್ನರ ಇಝಡ್42 ಗೈರೊ ಸೈಟ್ ಬರುವ ಹೊತ್ತಿಗೆ ಯುದ್ಧ ಕೊನೆಗೆ ಬಂದಿತ್ತು.

ಇಷ್ಟಾದ ಮೇಲೂ ಹಿಡಿ ತಿರುಚುವ ಕೆಲಸ ಪೈಲಟ್‌ಗೇ ಉಳಿಯಿತು. ಶತ್ರು ಯಾವ ವಿಮಾನ ಅಂತ ತಪ್ಪಾಗಿ ಗುರುತಿಸಿ ರೆಕ್ಕೆಯ ಅಗಲ ತಪ್ಪು ಕೊಟ್ಟರೆ ದೂರವೂ ತಪ್ಪು, ಅದರ ಹಿಂದೆಯೇ ಡಿಫ್ಲೆಕ್ಷನ್ ಕೂಡ ತಪ್ಪು. ಕೊರಿಯಾ ಯುದ್ಧಕ್ಕೆ ಹೋದ ಅಮೆರಿಕದ ಮೊದಲ ಸೇಬರ್ ಜೆಟ್‌ಗಳಲ್ಲೂ ದೂರವನ್ನು ಕೈಯಲ್ಲೇ ಕೊಡಬೇಕಿತ್ತು. ಅದೇ ಯುದ್ಧದಲ್ಲಿ ಮೂತಿಯಲ್ಲಿ ಸಣ್ಣ ರೇಡಾರ್ ಹೊತ್ತ ಸೇಬರ್‌ಗಳು ಬಂದ ಮೇಲೆ ದೂರ ಅಳೆಯುವ ಕೆಲಸವೂ ಯಂತ್ರಕ್ಕೆ ಹೋಯಿತು.